ಹಾಲಿನ ದಾರಿಯಲ್ಲಿ ನಾಯಿ ಕಾಟ: ಸೈಕಲ್ ಸವಾರರು ತಿಳಿದಿರಬೇಕಾದ ವಿಷಯಗಳು



ಬೆಳಗಿನ ಹಾಲು ಕರೆದು, ಕ್ಯಾನನ್ನು ಸೈಕಲ್ಲಿಗೆ ಕಟ್ಟಿ, ನಸುಕಿನಲ್ಲೇ ಸಂಘಕ್ಕೆ ಹೊರಡುವವರು ನಮ್ಮಲ್ಲಿ ಅನೇಕರಿದ್ದಾರೆ. ದಾರಿಯಲ್ಲಿ ನಾಯಿಗಳು ಬೊಗಳುತ್ತಾ ಅಟ್ಟಿಸಿಕೊಂಡು ಬರುವುದು ಇವರಿಗೆಲ್ಲ ಗೊತ್ತಿರುವ ಕಾಟವೇ. ಗಾಬರಿಯಲ್ಲಿ ಸೈಕಲ್ ಉರುಳಿದರೆ ಆ ಹೊತ್ತಿನ ಹಾಲು ಮಣ್ಣುಪಾಲಾಗುತ್ತದೆ, ಕೈಕಾಲಿಗೆ ಪೆಟ್ಟಾಗುತ್ತದೆ. ನಾಯಿ ಕಚ್ಚಿದರಂತೂ ಪ್ರಾಣಕ್ಕೇ ಅಪಾಯ. ಆದುದರಿಂದ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ.

ನಾಯಿ ಸೈಕಲ್ಲನ್ನೇ ಏಕೆ ಅಟ್ಟುತ್ತದೆ?

ಓಡುವ ವಸ್ತುವನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ತಾನಿರುವ ಬೀದಿ ತನ್ನದೆಂದು ಕಾಯುವುದು ಅದರ ಇನ್ನೊಂದು ಗುಣ. ನೀವು ಹೆದರಿ ಜೋರಾಗಿ ತುಳಿದು ಪಾರಾದಾಗ, ನಾಯಿಯ ಲೆಕ್ಕದಲ್ಲಿ ಅದು ನಿಮ್ಮನ್ನು ಓಡಿಸಿ ಗೆದ್ದಂತೆ. ಆದುದರಿಂದ ಮರುದಿನ ಅದೇ ತಿರುವಿನಲ್ಲಿ ಕಾದಿರುತ್ತದೆ. ಖಾಲಿ ಕ್ಯಾನಿನ ಗಡಗಡ ಸದ್ದು ಅದನ್ನು ಮತ್ತಷ್ಟು ಕೆಣಕುತ್ತದೆ. ಮರಿ ಹಾಕಿದ ಹೆಣ್ಣು ನಾಯಿ ಇನ್ನೂ ಬೇಗ ಮೈಮೇಲೆ ಬರುತ್ತದೆ.

ಹೊರಡುವ ಮುನ್ನ

1. ಕ್ಯಾನನ್ನು ಹಳೆಯ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿಯಾಗಿ ಕಟ್ಟಿ. ಸದ್ದೂ ಆಗದು, ತೂಕವೂ ವಾಲದು. ಹ್ಯಾಂಡಲ್ಲಿಗೆ ನೇತುಹಾಕಿದ ಕ್ಯಾನು ಗಾಬರಿಯ ಹೊತ್ತಿನಲ್ಲಿ ಸೈಕಲ್ಲನ್ನು ಒಂದು ಕಡೆಗೆ ಎಳೆಯುತ್ತದೆ.
2. ಬೆಳಕು ಹರಿಯುವ ಮುನ್ನ ಹೋಗುವವರು ಟಾರ್ಚ್ ಇಟ್ಟುಕೊಳ್ಳಿ. ಸಾಧ್ಯವಾದರೆ ಅಕ್ಕಪಕ್ಕದ ಸದಸ್ಯರು ಜೊತೆಯಾಗಿ ಹೋಗಿ.
3. ಐದು ನಿಮಿಷ ಮುಂಚೆ ಹೊರಡಿ. ಹಾಲು ಅಳೆಯುವ ವೇಳೆ ಮೀರಿತೆಂಬ ಅವಸರವಿದ್ದರೆ ನಿಧಾನಿಸಲು ಮನಸ್ಸು ಬಾರದು.

ನಾಯಿ ಅಟ್ಟಿಸಿಕೊಂಡು ಬಂದಾಗ

ಜೋರಾಗಿ ತುಳಿಯಬೇಡಿ. ಹೊರೆ ಹೊತ್ತ ಸೈಕಲ್ ನಾಯಿಗಿಂತ ವೇಗವಾಗಿ ಓಡಲಾರದು. ಹಿಂದೆ ವಾಹನವಿಲ್ಲವೆಂದು ನೋಡಿಕೊಂಡು ನಿಧಾನಿಸಿ, ನಿಲ್ಲಿಸಿ, ನಾಯಿ ಇಲ್ಲದ ಬದಿಗೆ ಇಳಿಯಿರಿ. ಸೈಕಲ್ ನಿಮಗೂ ನಾಯಿಗೂ ನಡುವೆ ಅಡ್ಡವಾಗಿರಲಿ. ಬೆನ್ನಟ್ಟಲು ಓಡುವ ವಸ್ತುವೇ ಇಲ್ಲವಾದಾಗ ಬಹುತೇಕ ನಾಯಿಗಳ ಆವೇಶ ಇಳಿದುಹೋಗುತ್ತದೆ.

ಅದರ ಕಣ್ಣನ್ನೇ ದಿಟ್ಟಿಸಬೇಡಿ, ಬೆನ್ನು ತಿರುಗಿಸಿ ಓಡಲೂಬೇಡಿ. ಗಟ್ಟಿ ದನಿಯಲ್ಲಿ ಒಮ್ಮೆ ಗದರಿಸಿ, ಸೈಕಲ್ ತಳ್ಳಿಕೊಂಡು ನಿಧಾನವಾಗಿ ನಡೆಯಿರಿ. ನಾಯಿ ಹಿಂದೆ ಸರಿದು ಸಾಕಷ್ಟು ದೂರವಾದ ಮೇಲೆ ಹತ್ತಿರಿ. ಸವಾರಿಯಲ್ಲೇ ಕಾಲಿನಿಂದ ಒದೆಯಲು ಹೋದರೆ ಸಮತೋಲ ತಪ್ಪುತ್ತದೆ, ಕಾಲನ್ನು ನಾಯಿಯ ಬಾಯಿಗೆ ನೀವೇ ಕೊಟ್ಟಂತಾಗುತ್ತದೆ. ಒಂದು ವೇಳೆ ಬಿದ್ದು, ನಾಯಿ ಮೈಮೇಲೆ ಬಂದರೆ, ಮುದುರಿಕೊಂಡು, ಕುತ್ತಿಗೆ ಕಿವಿಗಳನ್ನು ಕೈಗಳಿಂದ ಮುಚ್ಚಿ ಅಲುಗಾಡದೆ ಇರಿ.

ಕಚ್ಚಿದರೆ

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರ ಅಪರೂಪ. ಆದರೆ ಕಚ್ಚಿದ ಕೂಡಲೇ ಎಚ್ಚೆತ್ತರೆ ತಡೆಯಬಹುದು.

1. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಹಾಲು ಹಾಕಿ ಬಂದ ಮೇಲೆ ತೊಳೆದರಾಯಿತು ಎನ್ನಬೇಡಿ.
2. ಖಾರದ ಪುಡಿ, ಸುಣ್ಣ, ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.
3. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ, ಗಾಯದೊಳಗೇ ಕೊಡುವ ಬೇರೊಂದು ಚುಚ್ಚುಮದ್ದೂ ಬೇಕಾಗುತ್ತದೆ. ವೈದ್ಯರನ್ನು ಕೇಳಿ.
4. ಹೊಟ್ಟೆಗೆ 14 ಚುಚ್ಚುಮದ್ದು ಎಂಬ ಹಳೆಯ ಭಯ ಬಿಡಿ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿದೆ. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ನಡುವೆ ನಿಲ್ಲಿಸಬಾರದು.
5. ಸಾಕಿದ ನಾಯಿಯಾದರೆ 10 ದಿನ ಅದರ ಮೇಲೆ ಕಣ್ಣಿಡಿ. ಆದರೆ ಅಲ್ಲಿಯವರೆಗೆ ಲಸಿಕೆಗೆ ಕಾಯಬೇಡಿ.

ರಾಸಿಗೆ ಕಚ್ಚಿದರೆ

ಈ ರೋಗ ಹಸು, ಎಮ್ಮೆಗಳಿಗೂ ಬರುತ್ತದೆ. ಗಾಯವನ್ನು ಕೈಗವಸು ಹಾಕಿಕೊಂಡು ಇದೇ ರೀತಿ ತೊಳೆದು, ಕೂಡಲೇ ಪಶುವೈದ್ಯರಿಗೆ ತಿಳಿಸಿ. ಕಚ್ಚಿದ ನಂತರವೂ ರಾಸಿಗೆ ಲಸಿಕೆ ಕೊಡಲಾಗುತ್ತದೆ.

ಇಲ್ಲೊಂದು ಮುಖ್ಯ ಎಚ್ಚರಿಕೆ. ರೋಗ ತಗುಲಿದ ರಾಸು ಮೇವು ನುಂಗಲಾರದೆ ಜೊಲ್ಲು ಸುರಿಸುತ್ತದೆ, ಕರ್ಕಶವಾಗಿ ಅರಚುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯೊಳಗೆ ಕೈ ಹಾಕುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಹಾಕಬೇಡಿ. ರೋಗಾಣು ಇರುವುದು ಆ ಜೊಲ್ಲಿನಲ್ಲಿ. ಕೈಯ ಮೇಲಿನ ಸಣ್ಣ ಗೀರಿನಿಂದಲೂ ಅದು ಒಳಸೇರಬಹುದು. ಈಗಾಗಲೇ ಜೊಲ್ಲು ಮುಟ್ಟಿದವರು ವೈದ್ಯರಿಗೆ ತೋರಿಸಿಕೊಳ್ಳಬೇಕು. ಸಂಶಯವಿರುವ ರಾಸಿನ ಹಾಲನ್ನು ಮನೆಯಲ್ಲಿ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ನಮ್ಮ ನಾಯಿ, ನಮ್ಮ ಹೊಣೆ

ದಾರಿಯಲ್ಲಿ ಅಟ್ಟುವ ನಾಯಿಗಳೆಲ್ಲ ಬೀದಿಯವಲ್ಲ. ಕೊಟ್ಟಿಗೆ, ತೋಟ ಕಾಯಲೆಂದು ನಾವು ಸಾಕಿದ ನಾಯಿ ಇನ್ನೊಬ್ಬ ಸದಸ್ಯರನ್ನು ಬೀಳಿಸಿದರೆ ಆ ಹೊಣೆ ನಮ್ಮದೇ. ಹಾಲು ಹಾಕುವ ವೇಳೆಯಲ್ಲಿ ನಾಯಿಯನ್ನು ಕಟ್ಟಿಹಾಕಿ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹಾಕಿಸಿ. ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದಿರುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಶಿಕ್ಷಾರ್ಹ.

ಬೀದಿ ನಾಯಿಗಳಿಗೆ ವಿಷ ಹಾಕುವುದು ಪರಿಹಾರವಲ್ಲ. ಅದು ಅಪರಾಧ. ಅಲ್ಲದೆ ಒಂದು ಗುಂಪು ಸತ್ತರೆ, ತಿಪ್ಪೆಯ ಕೂಳಿಗೆ ಹೊಸ ನಾಯಿಗಳು ಬಂದು ಸೇರುತ್ತವೆ. ಸತ್ತ ಕರು, ಕಸದ ಮಾಸನ್ನು ಆಳವಾಗಿ ಹೂಳಿ, ಬಯಲಿಗೆ ಎಸೆಯಬೇಡಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮಾಡಿಸುವುದು ಸ್ಥಳೀಯ ಸಂಸ್ಥೆಗಳ ಕೆಲಸ. ಒಬ್ಬರೇ ಹೋಗಿ ಹೇಳುವುದಕ್ಕಿಂತ, ಸಂಘದ ಸಭೆಯಲ್ಲಿ ವಿಷಯ ಎತ್ತಿ, ಎಲ್ಲರ ಸಹಿಯೊಂದಿಗೆ ಗ್ರಾಮ ಪಂಚಾಯ್ತಿಗೆ ಮನವಿ ಕೊಡಿ.

ಮನೆಯಲ್ಲಿ ಹಾಲು ಹಾಕಲು ಹೋಗುವವರು ಮಕ್ಕಳಾಗಿದ್ದರೆ ಈ ಪಾಠವನ್ನು ಅವರಿಗೆ ಓದಿ ಹೇಳಿ, ಸೈಕಲ್ ನಿಲ್ಲಿಸಿ ಇಳಿಯುವುದನ್ನು ಅಂಗಳದಲ್ಲೇ ಒಮ್ಮೆ ಮಾಡಿಸಿ. ನಾಯಿ ಪರಚಿದರೂ, ಹಲ್ಲು ತಾಕಿದರೂ ಮುಚ್ಚಿಡದೆ ಹೇಳಬೇಕೆಂದು ತಿಳಿಸಿ. ಬೈಗುಳಕ್ಕೆ ಹೆದರಿ ಮಗು ಸುಮ್ಮನಿದ್ದರೆ ಆಗುವ ನಷ್ಟವನ್ನು ಯಾವ ಹಾಲಿನ ಬಟವಾಡೆಯೂ ತುಂಬಿಕೊಡಲಾರದು.