ಈ ಬಾರಿಯ ಕಂದೀಲಿಗೆ ನಿಮ್ಮದೇ ಬಣ್ಣ

ಗಣಪತಿ ಹಬ್ಬ ಹತ್ತಿರವಾದಂತೆ ನವಿ ಮುಂಬಯಿಯ ಬೇಲಾಪುರ, ವಾಶಿಯ ಅಂಗಡಿಗಳಲ್ಲಿ ಬಣ್ಣದ ದೀಪಮಾಲೆಗಳು ತೂಗತೊಡಗುತ್ತವೆ. ಗಣಪನನ್ನು ಕೂರಿಸುವ ಮಖರಕ್ಕೆಂದು ತಂದದ್ದೇ ದೀಪಾವಳಿಯ ಕಂದೀಲಿಗೂ ಆಗುತ್ತದೆ. ಆದರೆ ಅವು ಮಿನುಗುವುದು ತಯಾರಿಸಿದವರು ತುಂಬಿಟ್ಟ ಕೆಲವು ಬಗೆಗಳಲ್ಲಿ ಮಾತ್ರ. ಅರಿಶಿನದ ಬಣ್ಣ ಮೆಲ್ಲಗೆ ಕುಂಕುಮಕ್ಕೆ ತಿರುಗಬೇಕು ಎಂಬ ಆಸೆಯಿದ್ದರೆ ಪ್ರೋಗ್ರಾಮ್ ನಾವೇ ಬರೆಯಬೇಕು. ಪ್ರೌಢಶಾಲೆಯ ಮಕ್ಕಳಿಗೂ ಇದು ದಕ್ಕುವ ವಿದ್ಯೆ. ನನ್ನ ಆಗ್ರಹ ಒಂದೇ: ಉದ್ದದ ದೀಪಪಟ್ಟಿ ಕೊಳ್ಳುವ ಮೊದಲು ಒಂದೇ ದೀಪದಲ್ಲಿ ಬಣ್ಣ ಬೆರೆಸಲು ಕಲಿಯಿರಿ.

ಸಾಮಾನು

ಬೇಕಾದದ್ದು ನಾವು ಬರೆದ ಪ್ರೋಗ್ರಾಮ್ ಓಡಿಸುವ ಆರ್ಡುಯಿನೊ ಊನೊ ಬೋರ್ಡ್, ಅದರ ಯುಎಸ್‌ಬಿ ಕೇಬಲ್, ಬ್ರೆಡ್‌ಬೋರ್ಡ್, ಜಂಪರ್ ತಂತಿಗಳು, 220 ಓಮ್‌ನ ಮೂರು ರೆಸಿಸ್ಟರ್ ಮತ್ತು ಕೆಂಪು, ಹಸಿರು, ನೀಲಿ ಮೂರೂ ಒಂದರಲ್ಲೇ ಇರುವ 'ಕಾಮನ್ ಕ್ಯಾಥೋಡ್' ಆರ್‌ಜಿಬಿ ಎಲ್‌ಇಡಿ. ಎಲ್‌ಇಡಿ ಒಂದೆರಡು ಹೆಚ್ಚೇ ಇರಲಿ. ಆನ್‌ಲೈನಿನಲ್ಲಿ ಎಲ್ಲವೂ ಸಿಗುತ್ತದೆ. ಆದರೂ ಮಗುವನ್ನು ಕರೆದುಕೊಂಡು ಒಮ್ಮೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿಬನ್ನಿ. ಬೇಲಾಪುರದಿಂದ ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿಂದ ದಾದರ್, ದಾದರಿನಲ್ಲಿ ಪಶ್ಚಿಮ ರೈಲ್ವೆ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದೂ ಒಂದು ಪಾಠ.

ದುಡ್ಡು ಹಾಕುವ ಮುನ್ನ ಪರೀಕ್ಷಿಸಬೇಕೆನ್ನುವವರು ಟಿಂಕರ್‌ಕ್ಯಾಡ್ ಎಂಬ ಉಚಿತ ಜಾಲತಾಣದಲ್ಲಿ ಇದೇ ಸರ್ಕ್ಯೂಟನ್ನು ಪರದೆಯ ಮೇಲೆಯೇ ಜೋಡಿಸಿ ಓಡಿಸಬಹುದು. ಪೊವಾಯಿಯ ಐಐಟಿ ಬಾಂಬೆ ನಡೆಸುವ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಆರ್ಡುಯಿನೊ ಪಾಠಗಳೂ ಉಚಿತ. ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೇಯಾ ಊರಿನ ವಿನ್ಯಾಸ ಶಾಲೆಯೊಂದರಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗಾಗಿ. ಹೊಸಬರಿಗೆ ಅದು ಇಷ್ಟು ಒಗ್ಗುವುದು ಅದಕ್ಕೇ.

ಜೋಡಣೆ

ಎಲ್‌ಇಡಿಯ ನಾಲ್ಕು ಕಾಲುಗಳಲ್ಲಿ ಅತಿ ಉದ್ದದ್ದು ಬೋರ್ಡಿನ ಗ್ರೌಂಡಿಗೆ. ಅದರ ಒಂದು ಬದಿಗೆ ಒಂಟಿಯಾಗಿರುವುದು ಸಾಮಾನ್ಯವಾಗಿ ಕೆಂಪು, ಇನ್ನೊಂದು ಬದಿಗೆ ಹಸಿರು, ನೀಲಿ. ಇವನ್ನು ಕ್ರಮವಾಗಿ 9, 10, 11ನೇ ಪಿನ್‌ಗಳಿಗೆ, ಪ್ರತಿಯೊಂದಕ್ಕೂ ಒಂದೊಂದು ರೆಸಿಸ್ಟರ್ ಹಾಕಿಯೇ ಸೇರಿಸಿ. ರೆಸಿಸ್ಟರ್ ಬಿಟ್ಟರೆ ಮಿತಿಮೀರಿ ಹರಿಯುವ ವಿದ್ಯುತ್ತು ಎಲ್‌ಇಡಿಯನ್ನೂ ಪಿನ್ನನ್ನೂ ಹಾಳುಮಾಡಬಹುದು.

ಕಂಪ್ಯೂಟರಿನಲ್ಲಿ ಆರ್ಡುಯಿನೊ ತಂತ್ರಾಂಶ ತೆರೆದು ಬೋರ್ಡ್ ಮತ್ತು ಪೋರ್ಟ್ ಆರಿಸಿ. ಪೋರ್ಟ್ ಕಾಣದಿದ್ದರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಚಾರ್ಜಿಂಗಿಗೆ ಮಾತ್ರ ಬರುವ ಕೇಬಲ್ಲಿನಲ್ಲಿ ಮಾಹಿತಿ ಸಾಗಿಸುವ ತಂತಿಯೇ ಇರುವುದಿಲ್ಲ. ಕಡಿಮೆ ಬೆಲೆಯ ಬೋರ್ಡಾದರೆ ಸಿಎಚ್340 ಡ್ರೈವರ್ ಬೇಕಾಗಬಹುದು.

ಬಣ್ಣ ಬೆರೆಸುವುದು

ಪ್ರೋಗ್ರಾಮಿಗೆ ಎರಡು ಭಾಗ. 'ಸೆಟಪ್' ಒಮ್ಮೆ ಮಾತ್ರ ಓಡುತ್ತದೆ. ಮೂರೂ ಪಿನ್‌ಗಳು ಔಟ್‌ಪುಟ್ ಎಂದು ಅಲ್ಲಿ ಹೇಳಿ. 'ಲೂಪ್' ಮತ್ತೆ ಮತ್ತೆ ಓಡುತ್ತಲೇ ಇರುತ್ತದೆ. ಅದರೊಳಗೆ 'ಅನಲಾಗ್‌ರೈಟ್' ಆಜ್ಞೆಯಿಂದ ಪಿನ್ 9ಕ್ಕೆ 255, 10ಕ್ಕೆ 90, 11ಕ್ಕೆ 0 ಕೊಡಿ. ಆಜ್ಞೆ ಇಂಗ್ಲಿಷಿನಲ್ಲೇ, ಎರಡು ಪದಗಳ ನಡುವೆ ಜಾಗ ಬಿಡದೆ, ಎರಡನೆಯ ಪದದ ಮೊದಲಕ್ಷರ ದೊಡ್ಡದಾಗಿ ಬರಬೇಕು. ಅಕ್ಷರದ ಗಾತ್ರ ತಪ್ಪಿದರೂ ಪ್ರೋಗ್ರಾಮ್ ಓಡದು.

ಸೊನ್ನೆಯೆಂದರೆ ಪೂರ್ತಿ ಆರಿದ್ದು, 255 ಎಂದರೆ ಪೂರ್ತಿ ಬೆಳಗಿದ್ದು. ನಡುವಿನ ಅಂಕಿಗಳಿಗೆ ಬೋರ್ಡ್ ವೋಲ್ಟೇಜ್ ತಗ್ಗಿಸುವುದಿಲ್ಲ. ಈ ಪಿನ್‌ಗಳಲ್ಲಿ ಸೆಕೆಂಡಿಗೆ ಸುಮಾರು 490 ಸಲ ದೀಪವನ್ನು ಹೊತ್ತಿಸಿ ಆರಿಸುತ್ತದೆ. ಹೊತ್ತಿರುವ ಪಾಲು ಕಡಿಮೆಯಾದಷ್ಟೂ ಕಣ್ಣಿಗೆ ಮಂದವಾಗಿ ಕಾಣುತ್ತದೆ. ಎಲ್‌ಇಡಿಯ ಮುಂದೆ ತೆಳುವಾದ ಬಿಳಿ ಕಾಗದ ಹಿಡಿಯಿರಿ. ಆಗಲೇ ಕೆಂಪು, ಹಸಿರು ಕೂಡಿ ಅರಿಶಿನವಾಗುವುದು. ಅಂಕಿಗಳನ್ನು ಬದಲಿಸುತ್ತಾ ನಿಮಗೊಪ್ಪುವ ಬಣ್ಣ ಹುಡುಕಿ, ಪುಸ್ತಕದಲ್ಲಿ ಬರೆದಿಡಿ. ಈ ಆಟಕ್ಕೆ ನೀಲಿ ಸೇರಿದ್ದು ತಡವಾಗಿ. ಪ್ರಖರ ನೀಲಿ ಎಲ್‌ಇಡಿ ರೂಪಿಸಿದ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು.

ಇನ್ನು ಕುಂಕುಮಕ್ಕೆ ತಿರುಗಿಸುವುದು. 'ಫಾರ್' ಎಂಬ ಪುನರಾವರ್ತನೆಯಿಂದ ಹಸಿರಿನ ಅಂಕಿಯನ್ನು 90ರಿಂದ ಸೊನ್ನೆಗೆ ಒಂದೊಂದಾಗಿ ಇಳಿಸಿ, ಪ್ರತಿ ಇಳಿಕೆಗೂ 30 ಮಿಲಿಸೆಕೆಂಡ್ 'ಡಿಲೇ' ಕೊಡಿ. ಮೂರು ಸೆಕೆಂಡಿನೊಳಗೆ ಹಳದಿ ಕರಗಿ ಕೆಂಪಾಗುತ್ತದೆ. ದೊಡ್ಡ ಅಂಕಿಗಳಲ್ಲಿ ಬದಲಾವಣೆ ಕಣ್ಣಿಗೆ ತಿಳಿಯುವುದೇ ಇಲ್ಲ, ಸಣ್ಣವುಗಳಲ್ಲಿ ಥಟ್ಟನೆ ಕಾಣುತ್ತದೆ. ಕೊನೆಯ ಇಪ್ಪತ್ತು ಮೆಟ್ಟಿಲುಗಳಿಗೆ ಡಿಲೇ ಹೆಚ್ಚಿಸಿದರೆ ತಿರುವು ನಯವಾಗುತ್ತದೆ.

ಕಂದೀಲಿಗೆ

ಈಗ ಪಟ್ಟಿ. ಅಂಗಡಿಯಲ್ಲಿ '5 ವೋಲ್ಟಿನ ಡಬ್ಲ್ಯುಎಸ್2812ಬಿ' ಎಂದೇ ಕೇಳಿ. ಸಾಮಾನ್ಯವಾಗಿ ಸಿಗುವ 12 ವೋಲ್ಟಿನ ನಾಲ್ಕು ತಂತಿಯ ಪಟ್ಟಿಯಲ್ಲಿ ಒಂದೊಂದು ದೀಪಕ್ಕೆ ಬೇರೆ ಬಣ್ಣ ಕೊಡಲಾಗದು. ಪಟ್ಟಿಯ ಪ್ರತಿ ದೀಪ ಪೂರ್ಣ ಬಿಳುಪಿನಲ್ಲಿ 60 ಮಿಲಿಆಂಪಿಯರ್ ವರೆಗೆ ಎಳೆಯುತ್ತದೆ. 30 ದೀಪಕ್ಕೆ 1.8 ಆಂಪಿಯರ್. ಬೋರ್ಡಿನಿಂದ ಅಷ್ಟು ತೆಗೆಯಕೂಡದು. 5 ವೋಲ್ಟ್, 3 ಆಂಪಿಯರಿನ ಪ್ರತ್ಯೇಕ ಅಡಾಪ್ಟರ್ ಹಾಕಿ, ಅದರ ಗ್ರೌಂಡನ್ನೂ ಬೋರ್ಡಿನ ಗ್ರೌಂಡನ್ನೂ ಕೂಡಿಸಿ. ಡೇಟಾ ತಂತಿಗೆ 330 ಓಮ್ ರೆಸಿಸ್ಟರ್ ಇರಲಿ. ಪಟ್ಟಿಯ ಮೇಲಿನ ಬಾಣದ ಗುರುತು ಬೋರ್ಡಿನಿಂದ ಆಚೆಗೆ ಮುಖ ಮಾಡಿರಬೇಕು.

'ಫಾಸ್ಟ್‌ಎಲ್‌ಇಡಿ' ಲೈಬ್ರರಿ ಹಾಕಿಕೊಂಡರೆ ನೀವು ಬರೆದಿಟ್ಟ ಅಂಕಿಗಳೇ ಇಲ್ಲಿಯೂ ಆರಂಭಕ್ಕೆ ಸಾಕು, ತುಸು ತಿದ್ದಿಕೊಂಡರಾಯಿತು. ಕೆಂಪು ಕೇಳಿದಾಗ ಹಸಿರು ಬಂದರೆ ಲೈಬ್ರರಿಯಲ್ಲಿ ಬಣ್ಣಗಳ ಕ್ರಮವನ್ನು 'ಜಿಆರ್‌ಬಿ' ಎಂದು ಬದಲಿಸಿ.

ಕಂದೀಲು ಬಾಲ್ಕನಿಯಲ್ಲಿ ತೂಗಿದರೂ ಅಡಾಪ್ಟರ್ ಮನೆಯೊಳಗೇ ಇರಲಿ, 5 ವೋಲ್ಟಿನ ತಂತಿ ಮಾತ್ರ ಹೊರಗೆ ಹೋಗಲಿ. ತಂತಿ ಉದ್ದವೂ ತೆಳುವೂ ಆದರೆ ವೋಲ್ಟೇಜ್ ಕುಸಿದು ತುದಿಯ ದೀಪಗಳ ಬಿಳುಪು ಕೆಂಪಿಗೆ ತಿರುಗುತ್ತದೆ. ದಪ್ಪ ತಂತಿ ಬಳಸಿ. ಆಗಲೂ ಸರಿಹೋಗದಿದ್ದರೆ ಪಟ್ಟಿಯ ಇನ್ನೊಂದು ತುದಿಗೂ ಅದೇ ಅಡಾಪ್ಟರಿನಿಂದ ವಿದ್ಯುತ್ತು ಕೊಡಿ.