ಪರೀಕ್ಷಕರೊಡನೆ ಮೊದಲ ಮಾತು: ಒಂದು ಪ್ರಶ್ನಾವಳಿಯ ವಿಚಾರ

ಈ ವರುಷ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಸಮೀಕ್ಷಾ ಪದ್ಧತಿಯ ಪಾಠವನ್ನು ಮುಗಿಸಿದ ದಿವಸ, ಎಲ್ಲಿಯಾದರೂ ನಡೆದ ಒಂದು ಸಮೀಕ್ಷೆಯನ್ನು ಆರಿಸಿಕೊಂಡು ಅದರ ಗುಣದೋಷಗಳನ್ನು ಬರೆದು ತರಬೇಕೆಂದು ಹೇಳಿದರು. ನನ್ನ ಜೊತೆಯವರು ಸಂತೆಯನ್ನೂ ಕಬ್ಬಿನ ಬೆಲೆಯನ್ನೂ ಹಾಲಿನ ಡೇರಿಯನ್ನೂ ಹಂಚಿಕೊಂಡರು. ನಾನು ಆರಿಸಿಕೊಂಡದ್ದು ಅಮೇರಿಕದ ಪೇಟೆಂಟು ಕಚೇರಿಯವರು ತಮ್ಮ ಅರ್ಜಿದಾರರ ಅಭಿಪ್ರಾಯ ಕೇಳಿದ ಸಮೀಕ್ಷೆ. ಕೊಣ್ಣೂರಿನ ಹುಡುಗನಿಗೂ ಅದಕ್ಕೂ ಏನು ಸಂಬಂಧವೆಂದು ತರಗತಿಯಲ್ಲಿ ನಗೆಯೆದ್ದಿತು. ಸಂಬಂಧವಿದೆ, ಮುಂದೆ ಹೇಳುವೆನು.

ಪೇಟೆಂಟು ಎಂದರೆ ಹೊಸದೊಂದನ್ನು ಕಂಡುಹಿಡಿದವನಿಗೆ ಸರಕಾರ ಕೊಡುವ ಗೊತ್ತಾದ ಅವಧಿಯ ಹಕ್ಕು. ನಮ್ಮ ದೇಶದಲ್ಲಿ ಆ ಅವಧಿ ಅರ್ಜಿಯ ದಿನದಿಂದ 20 ವರುಷ. ಅದಕ್ಕೆ ಪ್ರತಿಯಾಗಿ ಶೋಧಕನು ತನ್ನ ಗುಟ್ಟನ್ನೆಲ್ಲ ಬಿಚ್ಚಿ ಬರೆಯಬೇಕು. ಇದೊಂದು ಕೊಡು-ಕೊಳ್ಳುವ ವ್ಯವಹಾರವೆಂಬುದನ್ನು ಮರೆಯಬಾರದು. ಭಾರತದಲ್ಲಿ ಇದರ ಮೊದಲ ಕಾಯಿದೆ 1856ರದು. ಆಗ ಕಲಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಎಂಜಿನಿಯರು ಪಂಖಾ ಎಳೆಯುವ ಯಂತ್ರಕ್ಕಾಗಿ ಅರ್ಜಿ ಹಾಕಿದನು. ಈಗಿರುವ ಕಾಯಿದೆ 1970ರದು. ಜಾರಿಗೆ ಬಂದದ್ದು 1972ರಲ್ಲಿ. ನಮ್ಮವರಲ್ಲಿ ವಿಶ್ವೇಶ್ವರಯ್ಯನವರು ನೀರಿನ ಒತ್ತಿಗೆ ತಾವೇ ತೆರೆದುಕೊಳ್ಳುವ ಬಾಗಿಲುಗಳಿಗೆ ಪೇಟೆಂಟು ಪಡೆದಿದ್ದರು. ಅವನ್ನು 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಕಟ್ಟೆಗೆ ಕೂಡಿಸಲಾಯಿತು. ಆದರೆ ವಿಶ್ವೇಶ್ವರಯ್ಯನವರು ಎಂಜಿನಿಯರರು, ಇಂಗ್ಲಿಷ್ ಬಲ್ಲವರು. ನಾನು ಹೇಳಹೊರಟಿರುವದು ಹಾಗಿಲ್ಲದವರ ಮಾತು.

ನಮ್ಮೂರು ಘಟಪ್ರಭೆಯ ದಂಡೆಯದು. ಗೋಕಾಕ ಜಲಪಾತದ ಗಿರಣಿ 1885ರಲ್ಲಿ ಹುಟ್ಟಿದಂದಿನಿಂದ ಈ ಸೀಮೆಯಲ್ಲಿ ಯಂತ್ರದ ಸಂಗಡ ಬಾಳುವ ಮನೆಗಳು ಬಹಳ. ನಮ್ಮ ಅಜ್ಜನೂ ಗಿರಣಿಯಲ್ಲಿ ದುಡಿದವನು. ಕಾಕಾ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತು ಒಂದು ಸಣ್ಣ ಅಂಗಡಿ ಇಟ್ಟಿದ್ದಾನೆ. ಕಬ್ಬಿನ ಸಸಿ ಬೆಳೆಸುವವರು ಗಳದಿಂದ ಕಣ್ಣುಗಳನ್ನು ಕೊರೆದು ತೆಗೆಯುತ್ತಾರೆ. ಕೈಯ ಸಾಧನದಿಂದ ಹಗಲೆಲ್ಲ ಕೊರೆದರೆ ರಟ್ಟೆ ಸೋಲುತ್ತದೆ. ಗಳ ಹೊರಳಿದರೆ ಕಣ್ಣೇ ಸೀಳಿ ಹೋಗುತ್ತದೆ. ಕಾಕಾ ಕಾಲಿನಿಂದ ತುಳಿಯುವ ಒಂದು ಯಂತ್ರ ಮಾಡಿದನು. ಅದರಲ್ಲಿ ಗಳ ಹೊರಳದಂತೆ ಹಿಡಿಯುವ ಒಂದು ಹಾಸು, ಅಲಗು ಇಷ್ಟೇ ಆಳ ಇಳಿಯಲೆಂದು ಒಂದು ತಡೆ. ನೋಡಿದವರು ಮೆಚ್ಚಿದರು. ಯಾರೋ ಹೇಳಿದರೆಂದು, ಊರ ಹೊರಗಿನ ಒಬ್ಬರ ಕೈಯಿಂದ ಇಂಗ್ಲಿಷಿನಲ್ಲಿ ಬರೆಯಿಸಿ ಅರ್ಜಿ ಹಾಕಿದನು. ವ್ಯಕ್ತಿಯೊಬ್ಬನು ಗಣಕದ ಮೂಲಕ ಅರ್ಜಿ ಹಾಕಿದರೆ ಶುಲ್ಕ 1,600 ರೂಪಾಯಿ, ಪರೀಕ್ಷೆಗೆ ಬೇಡಿಕೆ ಸಲ್ಲಿಸಲು 4,000 ರೂಪಾಯಿ. ಕರ್ನಾಟಕದ ಅರ್ಜಿಗಳು ಹೋಗುವದು ಚೆನ್ನೈ ಕಚೇರಿಗೆ.

ಪರೀಕ್ಷಕರು ಅರ್ಜಿಯನ್ನು ಓದಿ, ಹಿಂದೆ ಎಲ್ಲಿಯಾದರೂ ಇಂಥದೇ ಆಗಿದೆಯೇ ಎಂದು ಹುಡುಕಿ, ತಮ್ಮ ಆಕ್ಷೇಪಗಳನ್ನು ಪ್ರಥಮ ಪರೀಕ್ಷಾ ವರದಿಯೆಂದು ಕಳಿಸುತ್ತಾರೆ. ಅದಕ್ಕೆ ಆರು ತಿಂಗಳೊಳಗೆ ಉತ್ತರ ಕೊಡಬೇಕು; ಬೇಡಿಕೊಂಡರೆ ಇನ್ನು ಮೂರು ತಿಂಗಳು. ಉತ್ತರ ಕೊಡದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಎಣಿಸುತ್ತಾರೆ. ಎದುರಿಗೆ ಕೂತು ಮಾತನಾಡುವ ವಿಚಾರಣೆಯೂ ಉಂಟು, ಆದರೆ ಅದು ಬರುವದು ಈ ಲಿಖಿತ ಉತ್ತರದ ತರುವಾಯ. 2016ರಿಂದ ಅದನ್ನು ದೃಶ್ಯ ಸಂಪರ್ಕದ ಮೂಲಕವೂ ನಡೆಸಬಹುದು. ಕಾಗದಪತ್ರಗಳು ಮಾತ್ರ ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿರಬೇಕೆಂದು ನಿಯಮವಿದೆ.

ಕಾಕಾನ ವರದಿ ಬಂದಾಗ ನಾನು ಪಿ. ಯು. ಸಿ. ಎರಡನೆಯ ವರುಷದಲ್ಲಿದ್ದೆ. ಬರೆದುಕೊಟ್ಟವರು ಅಷ್ಟರಲ್ಲಿ ದೂರವಾಣಿಗೆ ಸಿಗದಾಗಿದ್ದರು. "ಏನ ಬರದಾರೋ ತಮ್ಮಾ? ನೀ ಓದಿದಾಂವ ಅದೀ, ನೋಡಿ ಹೇಳು" ಎಂದು ಕಾಕಾ ಅದನ್ನು ನನ್ನ ಕೈಗೆ ಕೊಟ್ಟನು. ಇಂಗ್ಲಿಷ್ ಅಕ್ಷರ ಬಲ್ಲವನು ನಮ್ಮ ಮನೆತನದಲ್ಲಿ ನಾನೊಬ್ಬನೇ. ಓದಿದೆ. ಪ್ರತಿ ಶಬ್ದವನ್ನೂ ನಿಘಂಟಿನಲ್ಲಿ ನೋಡಿದೆ. ವಾಕ್ಯದ ಅರ್ಥ ಮಾತ್ರ ಆಗಲಿಲ್ಲ. ಹಿಂದಿನ ಎರಡು ದಾಖಲೆಗಳ ನಂಬರು ಕೊಟ್ಟು, ಇವನ್ನು ಕೂಡಿಸಿ ನೋಡಿದರೆ ಈ ಶೋಧದಲ್ಲಿ ಹೊಸ ಹೆಜ್ಜೆಯಿಲ್ಲ ಎಂಬರ್ಥದ ಮಾತಿತ್ತೆಂದು ಈಗ ತಿಳಿಯುತ್ತದೆ. ಆಗ ನಾನು ತಿಳಿಯಲಿಲ್ಲವೆಂದು ಹೇಳಲು ನಾಚಿ, "ಪರಿಶೀಲನೆ ನಡದೈತಿ ಅಂತ ಬರದಾರ" ಎಂದುಬಿಟ್ಟೆ. ನನ್ನ ಪರೀಕ್ಷೆ ಬಂದಿತು, ಸೂಟಿ ಬಂದಿತು, ಆರು ತಿಂಗಳು ಸಂದವು. ಅರ್ಜಿ ಬಿದ್ದುಹೋಯಿತು. ಪರೀಕ್ಷೆಗೆ ಮುನ್ನವೇ ಅರ್ಜಿ ಪ್ರಕಟವಾಗಿರುತ್ತದಾದ್ದರಿಂದ ಅದೇ ಯಂತ್ರಕ್ಕೆ ಹೊಸದಾಗಿ ಅರ್ಜಿ ಹಾಕಿದರೂ ಉಪಯೋಗವಿಲ್ಲ. ಅವನ ಬರಹವೇ ಅವನಿಗೆ ಅಡ್ಡ ನಿಲ್ಲುತ್ತದೆ.

ಹೋದ ವರುಷ ಆ ಎರಡು ದಾಖಲೆಗಳ ಚಿತ್ರಗಳನ್ನು ಗ್ರಂಥಾಲಯದ ಗಣಕದಲ್ಲಿ ತೆಗೆದು ಕಾಕಾನಿಗೆ ತೋರಿಸಿದೆ. ಒಂದು ನಿಮಿಷ ನೋಡಿ ಅವನು ಹೇಳಿದನು: "ಇದು ಮ್ಯಾಲಿಂದ ಒತ್ತತೈತಿ, ಗಳಾ ಹಿಡಿಯೂದಿಲ್ಲ. ಆ ಇನ್ನೊಂದು ಹಿಡೀತೈತಿ, ಆದರ ಆಳಕ್ಕ ತಡಿ ಇಲ್ಲ. ಎರಡೂ ಕೂಡಿಸಿದರ ಕಾಲು ತುಳಿಯೂದು ಎಲ್ಲಿ ಬಂತು?" ಇದು ಕಾಯಿದೆಗೆ ಸಾಕಾಗುವ ಉತ್ತರವೋ ಅಲ್ಲವೋ ನಾನು ಹೇಳಲಾರೆ. ಆದರೆ ಪರೀಕ್ಷಕರು ಕೇಳಿದ ಪ್ರಶ್ನೆಗೆ ಅದು ಉತ್ತರವಂತೂ ಅಹುದು.

ಅಮೇರಿಕದ ಪ್ರಯೋಗ ನನ್ನ ಮನಸ್ಸನ್ನು ಹಿಡಿದದ್ದು ಇದಕ್ಕಾಗಿಯೇ. ಅಲ್ಲಿಯೂ ಮೊದಲು ಲಿಖಿತ ಆಕ್ಷೇಪ ಬಂದು, ಆ ಮೇಲೆ ಮಾತುಕತೆ ನಡೆಯುವದೇ ರೂಢಿಯಾಗಿತ್ತು. 2008ರ ಏಪ್ರಿಲ್ 28ರಿಂದ ಕೆಲವು ಗಣಕ ಸಂಬಂಧದ ವಿಷಯಗಳಿಗೆ ಮಾತ್ರ ಈ ಕ್ರಮವನ್ನು ತಿರುವಿ ನೋಡಿದರು. ಪರೀಕ್ಷಕರು ಮೊದಲು ಒಂದು ಚಿಕ್ಕ ಟಿಪ್ಪಣಿ ಕಳಿಸುವದು. ಅದರಲ್ಲಿ ತಮಗೆ ಸಿಕ್ಕ ಹಳೆಯ ದಾಖಲೆಗಳು ಇವು, ಬರಬಹುದಾದ ಆಕ್ಷೇಪಗಳು ಇವು ಎಂದಷ್ಟೇ ಇರುವದು. ಅರ್ಜಿದಾರನು ತನ್ನ ತಿದ್ದುಪಡಿಯನ್ನೂ ವಾದವನ್ನೂ ಮುಂದಾಗಿ ಬರೆದು ಕಳಿಸಿ, ಪರೀಕ್ಷಕರೊಡನೆ ಮಾತನಾಡುವದು. ಒಪ್ಪಿಗೆಯಾದರೆ ಅಲ್ಲಿಯೇ ಮಂಜೂರಿ. ಆಗದಿದ್ದರೆ ಆ ಬಳಿಕ ವಿಧಿವತ್ತಾದ ಆಕ್ಷೇಪ ಪತ್ರ. ಇದಕ್ಕೆ ಬೇರೆ ಶುಲ್ಕವಿಲ್ಲ. ಅರ್ಜಿಯಲ್ಲಿ ಸ್ವತಂತ್ರ ಹಕ್ಕೊತ್ತಾಯಗಳು ಮೂರನ್ನೂ ಒಟ್ಟು ಹಕ್ಕೊತ್ತಾಯಗಳು ಇಪ್ಪತ್ತನ್ನೂ ಮೀರಬಾರದೆಂಬ ಕಟ್ಟಳೆ ಮಾತ್ರ ಇತ್ತು. 2009ರ ಅಕ್ಟೋಬರದಲ್ಲಿ ಪ್ರಯೋಗವನ್ನು ಹಿಗ್ಗಿಸಿದರು, 2011ರ ಮೇ ತಿಂಗಳಲ್ಲಿ ಎಲ್ಲ ವಿಷಯಗಳಿಗೂ ತೆರೆದರು, 2021ರ ಜನವರಿ 15ಕ್ಕೆ ನಿಲ್ಲಿಸಿದರು. ನಡುವೆ ಭಾಗವಹಿಸಿದವರನ್ನು ಕರೆದು, ನಿಮಗೆ ಹೇಗೆನಿಸಿತು ಎಂದು ಕೇಳಿದರು.

ಕೇಳಿದ್ದು ಒಳ್ಳೆಯದೇ. ಸರಕಾರಿ ಕಚೇರಿಯೊಂದು ತನ್ನ ಬಾಗಿಲಿಗೆ ಬಂದವರನ್ನು ಹೀಗೆ ಕೇಳುವದು ಎಲ್ಲೆಡೆ ಕಾಣುವ ಮಾತಲ್ಲ. ಆದರೆ ನಮ್ಮ ಪಾಠದ ಕಣ್ಣಿನಿಂದ ನೋಡಿದರೆ ಇಂಥ ಸಮೀಕ್ಷೆಯಲ್ಲಿ ಒಂದು ದೊಡ್ಡ ತೊಡಕಿದೆ. ಈ ಪ್ರಯೋಗಕ್ಕೆ ಸೇರುವದು ಅರ್ಜಿದಾರನ ಇಚ್ಛೆಗೆ ಬಿಟ್ಟದ್ದು. ಮಾತಿನಿಂದ ಲಾಭವಿದೆಯೆಂದು ನಂಬಿದವನು ತಾನಾಗಿ ಸೇರುತ್ತಾನೆ. ಸೇರಿದವನನ್ನು ಕೇಳಿದರೆ ಲಾಭವಾಯಿತೆಂದೇ ಅನ್ನುವ ಸಂಭವ ಹೆಚ್ಚು. ಜಾತ್ರೆಗೆ ಬಂದವರನ್ನಷ್ಟೇ ಹಿಡಿದು ಜಾತ್ರೆ ಹೇಗಿತ್ತೆಂದು ಕೇಳಿದ ಹಾಗೆ. ಸೇರುವ ಅರ್ಹತೆಯಿದ್ದೂ ಸೇರದವರು ಏಕೆ ಸೇರಲಿಲ್ಲ? ಹಕ್ಕೊತ್ತಾಯಗಳ ಮಿತಿಗೆ ಅಂಜಿದರೆ, ಟಿಪ್ಪಣಿಗೆ ಉತ್ತರ ಕೊಡಲು ಇದ್ದ ಒಂದು ತಿಂಗಳಿಗೆ ಅಂಜಿದರೆ, ಆಡಿದ ಮಾತು ದಾಖಲೆಯಾಗಿ ಮುಂದೆ ನ್ಯಾಯಾಲಯದಲ್ಲಿ ತಮಗೇ ತಿರುಗೀತೆಂದು ಅಂಜಿದರೆ? ಅವರನ್ನು ಕೇಳದೆ ಪ್ರಯೋಗದ ನಿಜವಾದ ಬೆಲೆ ಗೊತ್ತಾಗದು. ಈ ರೀತಿ ಬಂದ ಅರ್ಜಿಗಳು ಬೇಗ ಮಂಜೂರಾದುವೆಂದು ಅಂಕಿ ತೋರಿಸಿದರೂ ಇದೇ ಸಂಶಯ ಬೆನ್ನು ಬಿಡುವದಿಲ್ಲ. ಮೊದಲೇ ಚೊಕ್ಕಟವಾಗಿ ಬರೆದ ಅರ್ಜಿಗಳೇ ಸೇರಿದ್ದಿರಬಹುದು.

ಎರಡನೆಯ ತೊಡಕು, ಉತ್ತರ ಕೊಡುವವರು ಯಾರು ಎಂಬುದು. ಅರ್ಜಿದಾರನೆಂದು ಕಾಗದದ ಮೇಲಿದ್ದರೂ ಸಂದರ್ಶನದಲ್ಲಿ ಮಾತನಾಡುವವನು ಸಾಮಾನ್ಯವಾಗಿ ವಕೀಲ. ವಕೀಲನ ಸಮಾಧಾನ ಬೇರೆ, ಶೋಧಕನ ಸಮಾಧಾನ ಬೇರೆ. "ನಿಮಗೆ ತೃಪ್ತಿಯಾಯಿತೇ?" ಎಂಬ ಪ್ರಶ್ನೆಗಿಂತ "ಮಾತನಾಡಿದ ಮೇಲೆ ನೀವು ಯಾವ ಸಂಗತಿಯನ್ನು ಬೇರೆಯಾಗಿ ತಿಳಿದುಕೊಂಡಿರಿ?" ಎಂಬ ಪ್ರಶ್ನೆ ಹೆಚ್ಚು ಕೆಲಸದ್ದೆಂದು ನನಗೆ ತೋರುತ್ತದೆ. ಅದೇ ಪ್ರಶ್ನೆಯನ್ನು ಪರೀಕ್ಷಕರಿಗೂ ಹಾಕಬೇಕು.

ಇಲ್ಲಿ ಜಪಾನದ ಮಾತನ್ನು ಬಿಡಲಾರೆ. ಅಲ್ಲಿಯ ಪೇಟೆಂಟು ಪರೀಕ್ಷಕರು ರಾಜಧಾನಿ ಬಿಟ್ಟು ಪ್ರಾಂತದ ಊರುಗಳಿಗೆ ಹೋಗಿ ಅರ್ಜಿದಾರರನ್ನು ಕಾಣುವ ಪದ್ಧತಿಯುಂಟು. ಚೆನ್ನೈಯಿಂದ ಪರೀಕ್ಷಕರು ಬಂದು ಗೋಕಾಕ ರೋಡ್ ನಿಲ್ದಾಣದಲ್ಲಿ ಇಳಿಯುವದನ್ನು ನೆನೆದು ನಾನು ಒಬ್ಬನೇ ನಕ್ಕದ್ದುಂಟು. ಹಾಗೆಂದು ನಮ್ಮಲ್ಲಿ ನೆರವೇ ಇಲ್ಲವೆನ್ನಲಾಗದು. 2000ದಲ್ಲಿ ಹುಟ್ಟಿದ ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನವು ಹಳ್ಳಿಯ ಶೋಧಕರ ಪರವಾಗಿ ಅರ್ಜಿ ಹಾಕಿ ನಡೆಸಿಕೊಡುತ್ತದೆ. ಕೂರಿಗೆಯನ್ನೂ ಹುಣಸೆಬೀಜ ತೆಗೆಯುವ ಯಂತ್ರವನ್ನೂ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದ ಅಣ್ಣಿಗೇರಿಯ ಅಬ್ದುಲ್ ಖಾದರ ನಡಕಟ್ಟಿನ ಅವರನ್ನೂ ಅದು ಗೌರವಿಸಿದೆ. ಕಾಕಾನಿಗೆ ಆ ಸಂಸ್ಥೆಯ ಹೆಸರೇ ಗೊತ್ತಿರಲಿಲ್ಲ. ನನಗೂ ಇರಲಿಲ್ಲ. ನಾನೇ ಪೇಟೆಂಟು ಏಜಂಟನಾದರೆ ಹೇಗೆಂದು ಕಾಯಿದೆಯನ್ನು ತೆರೆದು ನೋಡಿದೆ: 21 ವರುಷ ತುಂಬಿರಬೇಕು, ವಿಜ್ಞಾನ, ಎಂಜಿನಿಯರಿಂಗ್ ಇಲ್ಲವೆ ತಂತ್ರವಿದ್ಯೆಯ ಪದವಿ ಇರಬೇಕು. ಮೊದಲಿನದು ಬರುವ ವರುಷ ತುಂಬುವದು. ಎರಡನೆಯದು ಬಿ. ಎ. ಯವನಿಗೆ ಎಂದೂ ತುಂಬದು.

ಕೊನೆಗೆ ನಾನೂ ಕನ್ನಡದಲ್ಲಿ ಆರು ಪ್ರಶ್ನೆಗಳ ಒಂದು ಹಾಳೆ ಮಾಡಿಕೊಂಡು ಊರಿನ ಕೆಲವು ಅಂಗಡಿಗಳಿಗೆ ಹೋದೆ. ಮೊದಲ ಪ್ರಶ್ನೆಗೇ ಹಾಳೆ ಕೆಟ್ಟಿತು. "ನೀವು ಪೇಟೆಂಟಿಗೆ ಅರ್ಜಿ ಹಾಕಿದ್ದೀರಾ?" ಎಂದರೆ ಕಾಕಾನ ಹೊರತು ಎಲ್ಲರದೂ ಇಲ್ಲವೆಂಬ ಉತ್ತರ. "ಹೊಸದೇನಾದರೂ ಮಾಡಿದ್ದೀರಾ?" ಎಂದು ತಿದ್ದಿ ಕೇಳಿದೆ. ಅದಕ್ಕೂ ಇಲ್ಲವೆಂದರು. ಒಬ್ಬರು ಹಾಗೆನ್ನುವಾಗ ಅವರ ಕಾಲ ಬಳಿ ತಾವೇ ಮಾಡಿದ ಎಂಥದೋ ಒಂದು ಹಿಡಿಕೆಯ ಯಂತ್ರ ಬಿದ್ದಿತ್ತು. ಇದೇನೆಂದು ಕೇಳಿದರೆ, "ಇದೇನ ಹೊಸಾದಲ್ಲಪಾ, ಅಡಚಣಿಗೆ ಮಾಡಿಕೊಂಡದ್ದು" ಎಂದರು. ಆ ಬಳಿಕ ನನ್ನ ಮೊದಲ ಪ್ರಶ್ನೆ "ಅಡಚಣಿಗೆ ಏನು ಮಾಡಿಕೊಂಡಿದ್ದೀರಿ?" ಎಂದಾಯಿತು, ಉತ್ತರಗಳು ಬರತೊಡಗಿದುವು. ಅಂಕಿ ಹಾಕಿ ತೋರಿಸುವಷ್ಟು ಜನರನ್ನು ನಾನು ಕೇಳಿಲ್ಲ. ಆದ್ದರಿಂದ ಅಂಕಿ ಕೊಡುವದಿಲ್ಲ. ಪ್ರಶ್ನೆಯ ಶಬ್ದ ಬದಲಾದರೆ ಉತ್ತರ ಎಷ್ಟು ಬದಲಾಗುವದೆಂದು ಪುಸ್ತಕದಲ್ಲಿ ಓದಿದ್ದೆ, ಅಂದು ಕಂಡೆ.

ಅರ್ಜಿ ಹಾಕಿದವರಿಗೆಂದು ಏಳನೆಯ ಪ್ರಶ್ನೆಯೊಂದನ್ನು ಆ ಮೇಲೆ ಸೇರಿಸಿದೆ: ಕಚೇರಿಯ ಪತ್ರವನ್ನು ನಿಮಗೆ ಓದಿ ಹೇಳಿದವರು ಯಾರು? ಕಾಕಾನ ಹಾಳೆಯನ್ನು ಅವನು ಹೇಳಿದಂತೆ ನಾನೇ ತುಂಬಿದೆ. ಆ ಪ್ರಶ್ನೆ ಬಂದಾಗ ಅವನು ವೆಲ್ಡಿಂಗಿನ ಕನ್ನಡಿಯನ್ನು ಹಣೆಗೇರಿಸಿ, "ಬರಕೋ, ಅಣ್ಣನ ಮಗ" ಎಂದನು. ಬರೆದುಕೊಂಡೆ. ಹಾಳೆಗಳನ್ನೆಲ್ಲ ಅಧ್ಯಾಪಕರಿಗೆ ಒಪ್ಪಿಸಿದ್ದೇನೆ.