ಕಾರ್ಮಿಕರು ಊರಿಗೆ ಕಳಿಸುವ ಹಣ: ದುಡಿದ ದೇಶಕ್ಕೆ ನಷ್ಟವೇ?

ಕಳೆದ ಬೇಸಿಗೆ ರಜೆಯಲ್ಲಿ ಸಿರಸಂಗಿಯ ನಮ್ಮ ಮನೆಗೆ ಟೈಲ್ಸ್ ಹಾಕಿಸಿದೆವು. ಕೆಲಸಕ್ಕೆ ಬಂದವರು ಉತ್ತರ ಪ್ರದೇಶದ ಇಬ್ಬರು. ಶನಿವಾರ ಬಟವಡೆ ಆದ ಕೂಡಲೇ ಮೊಬೈಲಿನಿಂದ ತಮ್ಮ ಊರಿಗೆ ಹಣ ಹಾಕುತ್ತಿದ್ದರು. ಅದನ್ನು ಕಂಡ ಪಕ್ಕದ ಮನೆಯ ಕಾಕಾ, "ನಮ್ಮೂರ ರೊಕ್ಕ ಎಲ್ಲಾ ಹೊರಗ ಹೊಂಟೈತಿ ನೋಡ್ರಿ" ಎಂದರು. ಅಬ್ಬಾ ನಕ್ಕು ಸುಮ್ಮನಾದರು. ಏಕೆಂದರೆ ನನ್ನ ಕಾಲೇಜಿನ ಫೀ ಕಟ್ಟುವುದು ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿರುವ ಚಾಚಾ. ಅಲ್ಲಿಯೂ ಯಾರಾದರೂ ಚಾಚಾನನ್ನು ನೋಡಿ ಇದೇ ಮಾತು ಆಡುತ್ತಿರಬಹುದು.

ಹಣ ಬರುವ ದೇಶಕ್ಕೆ ಆಗುವ ಲಾಭ ನಮಗೆ ಗೊತ್ತಿದೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಸುಮಾರು 118.7 ಬಿಲಿಯನ್ ಡಾಲರ್ ಬಂದಿದೆ. ಆದರೆ ಹಣ ಹೊರಗೆ ಹೋಗುವ ದೇಶದ ಬೆಳವಣಿಗೆ ಏನಾಗುತ್ತದೆ?

ಮೊದಲನೆಯದಾಗಿ, ಜಿಡಿಪಿ ಎಂದರೆ ದೇಶದ ಗಡಿಯೊಳಗೆ ನಡೆದ ಉತ್ಪಾದನೆ. ಕೂಲಿ ಸಿಗುವುದು ಕೆಲಸ ಮುಗಿದ ಮೇಲೆ. ಚಾಚಾ ಸಂಬಳ ಕಳಿಸಿದರೂ ಅವರು ವೈರಿಂಗ್ ಮಾಡಿಸಿದ ಕಟ್ಟಡ ದಮ್ಮಾಮ್‌ನಲ್ಲೇ ನಿಂತಿರುತ್ತದೆ, ಅದರ ಬಾಡಿಗೆಯೂ ಲಾಭವೂ ಅಲ್ಲಿಯವರದೇ. 2022ರ ಜನಗಣತಿಯಂತೆ ಸೌದಿಯ ಪ್ರತಿ ಹತ್ತು ಜನರಲ್ಲಿ ನಾಲ್ವರು ಹೊರದೇಶದವರು. ಅವರ ದುಡಿಮೆ ಇಲ್ಲದೆ ಅಲ್ಲಿನ ಉತ್ಪಾದನೆಯೇ ಇಷ್ಟು ಇರುತ್ತಿರಲಿಲ್ಲ.

ಎರಡನೆಯದಾಗಿ, ನಷ್ಟವೇ ಇಲ್ಲ ಎಂದೂ ಹೇಳಲಾಗದು. ಗುಣಕದ ಪಾಠ ನೆನಪಿಸಿಕೊಳ್ಳಿ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಹೊರಗೆ ಹೋದ ಹಣ ಅಲ್ಲಿನ ಅಂಗಡಿಗೆ ಹೋಗುವುದಿಲ್ಲ, ಅದು ಸೋರಿಕೆ. ವಿದೇಶಿ ವಿನಿಮಯವೂ ಬೇಕಾಗುತ್ತದೆ. ಸೌದಿ 1986ರಿಂದ ಒಂದು ಡಾಲರಿಗೆ 3.75 ರಿಯಾಲ್ ದರ ಕಾಯ್ದುಕೊಂಡಿದೆ. ತೈಲ ಮಾರಾಟದಿಂದ ಡಾಲರ್ ಬರುವಾಗ ಇದು ಭಾರವಲ್ಲ, ತೈಲ ಬೆಲೆ ಕುಸಿದಾಗ ಚಿಂತೆ ಹುಟ್ಟುತ್ತದೆ.

2014ರ ನಂತರ ಬೆಲೆ ಕುಸಿದಾಗ ಹೀಗೇ ಆಯಿತು. ಊರಿಗೆ ಕಳಿಸುವ ಹಣದ ಮೇಲೆ ತೆರಿಗೆ ಹಾಕುವ ಮಾತು ಬಂತು. 2017ರ ಜನವರಿಯಲ್ಲಿ ಅಲ್ಲಿನ ಹಣಕಾಸು ಸಚಿವಾಲಯ ಅಂತಹ ತೆರಿಗೆ ಇಲ್ಲ ಎಂದಿತು. ಆದರೆ ಅದೇ ಜುಲೈನಿಂದ ಕಾರ್ಮಿಕರ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷ ವರ್ಷ ಏರಿ 2020ಕ್ಕೆ 400 ಆಯಿತು.

ಇದರ ಪರಿಣಾಮ ನಮ್ಮ ಮನೆಯಲ್ಲೇ ಇದೆ. ಚಾಚಿ ಮತ್ತು ಇಬ್ಬರು ಮಕ್ಕಳು 2018ರಲ್ಲಿ ಸಿರಸಂಗಿಗೆ ವಾಪಸು ಬಂದರು. ಲೆಕ್ಕಕ್ಕೆ ಚಾಚಾನ ಸಂಬಳ 5,000 ರಿಯಾಲ್ ಎಂದಿಟ್ಟುಕೊಳ್ಳೋಣ. ಕುಟುಂಬ ಅಲ್ಲಿದ್ದಾಗ ಮನೆ ಬಾಡಿಗೆ, ಶಾಲೆ, ದಿನಸಿ ಸೇರಿ 4,000 ಅಲ್ಲೇ ಖರ್ಚಾಗಿ, ಊರಿಗೆ 1,000 ಬರುತ್ತಿತ್ತು. ಒಬ್ಬರೇ ಉಳಿದ ಮೇಲೆ 2,000 ಖರ್ಚು, ಊರಿಗೆ 3,000. ಶುಲ್ಕದಿಂದ ಸರ್ಕಾರಕ್ಕೆ ಆದಾಯ ಬರಬೇಕಿತ್ತು, ಆದರೆ ಇಂತಹ ಮನೆಗಳಲ್ಲಿ ಸೋರಿಕೆಯೇ ಹೆಚ್ಚಾಯಿತು. ಚಾಚಾನ ಚಿಕ್ಕ ಮಗಳು ಈಗ ಅವರನ್ನು ವಿಡಿಯೋ ಕಾಲ್‌ನಲ್ಲಿ ಮಾತ್ರ ನೋಡುತ್ತಾಳೆ. ಅದು ಯಾವ ಖಾತೆಯಲ್ಲೂ ಬರುವುದಿಲ್ಲ.

ನಾನು ಕಲಿತದ್ದು ಇಷ್ಟು: ದುಡಿಮೆಯ ಫಲ ದುಡಿದ ಜಾಗದಲ್ಲೇ ಉಳಿಯುತ್ತದೆ, ಖರ್ಚು ಮಾತ್ರ ಕುಟುಂಬ ಇರುವ ಕಡೆ ಹೋಗುತ್ತದೆ. ಕಾರ್ಮಿಕರ ಹಣ ತನ್ನಲ್ಲೇ ತಿರುಗಬೇಕು ಎನ್ನುವ ದೇಶ ಅವರ ಹೆಂಡತಿ ಮಕ್ಕಳಿಗೂ ಜಾಗ ಕೊಡಬೇಕು.

ಇದನ್ನೆಲ್ಲ ಕಾಕಾನ ಮುಂದೆ ಹೇಳಿದೆ. ಅವರು ನಮ್ಮ ಹೊಸ ಟೈಲ್ಸ್ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದವ್ವಾ, ಅಂದ್ರ ಆ ಹುಡುಗೂರ ಲೆಕ್ಕಾನೂ ನಿಮ್ಮ ಚಾಚಾನ ಲೆಕ್ಕಾನೂ ಒಂದ ಆತಲ್ಲ" ಎಂದರು.

ಗೆಳೆಯ ಗೆಳತಿಯರೇ, ನಿಮ್ಮ ಓಣಿಯಲ್ಲೂ ಹೊರಗಿನಿಂದ ಬಂದು ದುಡಿಯುವವರು ಇರಬಹುದು. ಅವರು ಎಷ್ಟು ಹಣ ಕಳಿಸುತ್ತಾರೆ ಎಂದು ಕೇಳುವ ಮೊದಲು, ಏನೇನು ಕಟ್ಟಿಕೊಟ್ಟಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ.